ದಿನ ಬಿಟ್ಟು ದಿನದ ಕನಸು

"ಇನ್ನೊಬ್ಬರ ಪಾಲಿನದನ್ನು ನಾವು ಮಾಡಿದರೆ ಅದು ಅವರಿಗೆ ಮುಟ್ಟುತ್ತದೆಯೇ ಗುರುಗಳೇ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠದ ಶಿಷ್ಯ. ಅವನಿಗೊಬ್ಬ ತಮ್ಮ. ಕುಡಿತಕ್ಕೆ ಬಿದ್ದವನು, ಮಠದ ಕಡೆ ತಲೆ ಹಾಕಿಯೂ ಮಲಗುವವನಲ್ಲ. ಬರುತ್ತೀಯಾ ಎಂದು ಅವನನ್ನು ಕೇಳುವುದನ್ನು ಸಂಗಯ್ಯ ಎಂದೋ ಬಿಟ್ಟಿದ್ದ. ಅವನ ಪಾಲಿನ ಪೂಜೆ, ಅವನ ಪಾಲಿನ ಉಪವಾಸ ಎಲ್ಲವನ್ನೂ ತಾನೇ ಮಾಡುತ್ತ ಬಂದಿದ್ದ. ಅಣ್ಣ ಸೊರಗಿ ಕಡ್ಡಿಯಾಗಿದ್ದ, ತಮ್ಮನ ಕುಡಿತ ಇದ್ದಲ್ಲೇ ಇತ್ತು.

ಗುರುಗಳು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ಸಂಗಯ್ಯನಿಗೆ ಅನುಮಾನ ಬರುವಷ್ಟರಲ್ಲಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ, ಸೀಮಂತ ಎಂದರೆ ಸುತ್ತಲ ಊರಿನವರೆಲ್ಲ ಅವನನ್ನೇ ಕರೆಯುತ್ತಿದ್ದರು. ಊರೆಲ್ಲ ಉಂಡ ಮೇಲೆ ಅವನು ಮನೆಗೆ ಒಂದೇ ಹೋಳಿಗೆ ತಂದರೂ ಹೆಂಡತಿ ಅದನ್ನು ಮುರಿದು ಎರಡು ಮಾಡುತ್ತಿದ್ದಳು. ಹಂಚದೆ ತಿಂದದ್ದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಬ್ಬರಿಗೂ ಎಚ್‌ಐವಿ ಬಂತು. ಎಲ್ಲಿಂದ ಬಂತು ಎಂದು ನೀನು ಕೇಳಬೇಡ, ಅವರೂ ಬಹಳ ಕೇಳಿಕೊಳ್ಳಲಿಲ್ಲ. ದಿನಕ್ಕೊಂದು ಮಾತ್ರೆ ನುಂಗಿದರೆ ಸಾಕು, ಬದುಕಿಡೀ ನುಂಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ಪುಕ್ಕಟೆ ಕೊಡುತ್ತಿದ್ದರು. ಹೆಂಡತಿ ಹೋಗಿ ಹೆಸರು ಬರೆಸಿದಳು.

"ನಾ ಆ ದವಾಖಾನಿ ಮೆಟ್ಟಲ ಹತ್ತಂಗಿಲ್ಲ," ಎಂದ ಗಂಡ. "ಯಾರರ ನೋಡಿದ್ರ ನಾಳಿ ನನ್ನ ಕೈಯಾಗಿಂದು ಯಾರು ಉಣ್ತಾರ?"

ಊಟದಿಂದ ಆ ರೋಗ ಹರಡುವುದಿಲ್ಲ. ಆದರೆ ಮಾತು ಹರಡುತ್ತದಲ್ಲ, ಅದಕ್ಕೆ ಅವನು ಹೆದರಿದ. ಹೆಂಡತಿ ಮತ್ತೆ ಆ ವಿಷಯ ಎತ್ತಲಿಲ್ಲ. ತನಗೆ ಕೊಟ್ಟ ಮಾತ್ರೆಗಳನ್ನೇ ತಂದು ಹಂಚಿದಳು. ಒಂದು ರಾತ್ರಿ ಅವಳಿಗೆ, ಮರುರಾತ್ರಿ ಅವನಿಗೆ.

ಆ ಮಾತ್ರೆಗೆ ಒಂದು ಗುಣವಿತ್ತು. ನುಂಗಿದವರಿಗೆ ಕನಸು ಬೀಳುತ್ತಿತ್ತು. ಅಂತಿಂಥ ಕನಸಲ್ಲ, ಕೈಯಿಟ್ಟರೆ ಸಿಗುವಂಥವು. ಅವಳು ಹೊಳೆಯ ನೀರಿನ ಮೇಲೆ ನಡೆದು ಹೋಗುತ್ತಿದ್ದಳು. ನೀರು ಅಂಗಾಲಿಗೆ ಬೆಚ್ಚಗೆ ತಗಲುತ್ತಿತ್ತು. ಅವನ ಪಾಳಿ ಬಂದಾಗ ಅವನು ಮುಗಿಲಿನಲ್ಲಿ ಕೊಪ್ಪರಿಗೆ ಇಟ್ಟು ಪಾಯಸ ತಿರುವುತ್ತಿದ್ದ. ಎಂದೋ ಸತ್ತ ತಾಯಿ ಎಲೆ ಹಾಸಿಕೊಂಡು, ಇನ್ನೂ ಆಗಲಿಲ್ಲವೇನೋ ಎಂದು ನಗುತ್ತ ಕೂತಿರುತ್ತಿದ್ದಳು. ಬೆಳಗ್ಗೆ ಚಹಾ ಕುಡಿಯುವಾಗ, ಕಂಡವರು ಕಾಣದವರಿಗೆ ಕನಸು ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲೂ ಅವರು ಅಷ್ಟು ಮಾತಾಡಿರಲಿಲ್ಲ. ಕನಸನ್ನೂ ಹಂಚಿಕೊಂಡು ಬದುಕುತ್ತಿದ್ದೇವೆ ಎಂದು ಅವಳಿಗೆ ತುಂಬಾ ಸುಖವಾಗಿತ್ತು.

ಆದರೆ ಇಬ್ಬರೂ ಇಳಿಯುತ್ತ ಹೋದರು. ಅವಳ ಕೈಬಳೆ ಮೊಣಕೈಗೆ ಜಾರುತ್ತಿತ್ತು. ಅವನಿಗೆ ಕೊಪ್ಪರಿಗೆ ಎತ್ತುವುದಾಗುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಗಂಡನೂ ಜೊತೆಗೆ ಹೊರಡುತ್ತಿದ್ದ, ಗೇಟಿನ ಆಚೆಯ ಹುಣಸೆಮರದವರೆಗೆ. "ಇಲ್ಲೇ ಇರ್ರಿ," ಎಂದು ಅವಳು ಒಳಗೆ ಹೋಗುತ್ತಿದ್ದಳು. ಅವನು ಅವಳ ಛತ್ರಿ ಹಿಡಿದುಕೊಂಡು ಅಲ್ಲೇ ನಿಲ್ಲುತ್ತಿದ್ದ. ಹಿಂದಿನ ರಾತ್ರಿಯ ಪಾಳಿ ತನಗೇ ಬರುವಂತೆ ಅವಳು ನೋಡಿಕೊಳ್ಳುತ್ತಿದ್ದಳು. ಹಾಗಾಗಿ ಪರೀಕ್ಷೆ ಮಾಡಿದಾಗಲೆಲ್ಲ ರಕ್ತದಲ್ಲಿ ಔಷಧಿ ಇದ್ದೇ ಇರುತ್ತಿತ್ತು. ಔಷಧಿ ಇದೆ, ಆದರೂ ಇವಳೇಕೆ ಸೊರಗುತ್ತಿದ್ದಾಳೆ ಎಂದು ಡಾಕ್ಟರಮ್ಮನಿಗೆ ಬಗೆಹರಿಯಲಿಲ್ಲ. ಕೊನೆಗೆ ರಕ್ತದ ಕಣಗಳನ್ನು ಬೇರೆ ಮಾಡಿ, ಅವುಗಳ ಒಳಗೆ ಎಷ್ಟು ಔಷಧಿ ಕೂತಿದೆ ಎಂದು ಅಳೆಸಿದರು. ರಕ್ತ ನಿನ್ನೆಯದನ್ನು ಹೇಳುತ್ತದೆ. ಕಣ ಎಷ್ಟೋ ವಾರಗಳದ್ದನ್ನು ಒಳಗಿಟ್ಟುಕೊಂಡಿರುತ್ತದೆ. ಕಣದೊಳಗೆ ಇರಬೇಕಾದದ್ದರಲ್ಲಿ ಅರ್ಧ ಮಾತ್ರ ಇತ್ತು.

ಡಾಕ್ಟರಮ್ಮ ಗದರಲಿಲ್ಲ. ಆ ಮಾತ್ರೆಯ ಸ್ವಭಾವ ಅವರಿಗೆ ಗೊತ್ತಿತ್ತು. "ಕನಸು ಬೀಳ್ತಾವೇನವಾ?" ಎಂದು ಕೇಳಿದರು.

ಅವಳ ಮುಖ ಅರಳಿತು. "ಬೀಳ್ತಾವ್ರಿ. ಒಂದು ರಾತ್ರಿ ನನಗ, ಒಂದು ರಾತ್ರಿ ಅವರಿಗೆ." ಹೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅರ್ಧ ಔಷಧಿ ರೋಗಾನ ಕೊಲ್ಲೂದಿಲ್ಲವಾ, ಅದಕ್ಕ ಪಾಠ ಹೇಳಿಕೊಡ್ತದ," ಎಂದರು ಡಾಕ್ಟರಮ್ಮ. "ಕಲತ ರೋಗ ನಾಳಿ ಪೂರ್ತಿ ಮಾತ್ರಿಗೂ ಬಗ್ಗೂದಿಲ್ಲ. ನೀನೂ ಉಳಿಯಂಗಿಲ್ಲ, ಅವನೂ ಉಳಿಯಂಗಿಲ್ಲ. ಅವನ್ನ ಇಲ್ಲಿಗೆ ಕರಿ."

"ಅವರು ಬರಂಗಿಲ್ರಿ."

"ಕರದು ನೋಡೀಯೇನು?"

ಅವಳು ಕಿಟಕಿಯಾಚೆ ನೋಡಿದಳು. ಗಂಡ ಮರದ ಕೆಳಗೆ ನಿಂತಿದ್ದ. ಅವನು ಬರುವುದಿಲ್ಲ ಎಂದದ್ದು ಒಂದೇ ಸಲ. ಅಲ್ಲೇ ಇರಿ ಎಂದು ಪ್ರತಿ ಸಲವೂ ಹೇಳಿದವಳು ತಾನು. ಕರೆಯುವುದಕ್ಕಿಂತ ಕೊಡುವುದು ಸುಲಭವಾಗಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಗೇಟು ದಾಟಿ ಹೋದಳು. ಹುಣಸೆಯ ನೆರಳು ನೆಲದ ಮೇಲೆ ಕನಸಿನ ಹೊಳೆಯ ಹಾಗೆ ಅಲ್ಲಾಡುತ್ತಿತ್ತು, ಕಾಲಿಟ್ಟರೆ ಮುಳುಗುತ್ತೇನೆ ಎನ್ನಿಸಿತು. "ಇನ್ನ ಮಾತ್ರಿ ಹಂಚಂಗಿಲ್ಲ," ಎಂದಳು. "ನೀವೇ ಒಳಗ ಬರ್ರಿ." ಹುಟ್ಟಿದ ಮೇಲೆ ಹಂಚುವುದಿಲ್ಲ ಎಂದು ಅವಳು ಅಂದದ್ದು ಅದೇ ಮೊದಲು. 

ಅವನು ರಸ್ತೆಯ ಆಚೆ ಈಚೆ ನೋಡಿದ. ಹೋಗುವ ಬರುವ ಜನ ಇದ್ದೇ ಇದ್ದರು. ಬಹಳ ಹೊತ್ತು ಛತ್ರಿಯ ಹಿಡಿಯನ್ನು ತಿರುವುತ್ತ ನಿಂತ. ಆಮೇಲೆ, "ಒಳಗ ಚಪ್ಪಲಿ ಹಾಕ್ಕೊಂಡು ಹೋಗಬಹುದೇನು?" ಎಂದು ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಹಾಗಾದರೆ ತಮ್ಮನ ಪಾಲಿನ ಉಪವಾಸವನ್ನು ನಾನು ಬಿಟ್ಟುಬಿಡಬೇಕೇ?" ಎಂದ ಸಂಗಯ್ಯ.

ಗುರುಗಳು ಕಣ್ಣು ತೆರೆದು ಕೇಳಿದರು, "ನಿನ್ನ ತಮ್ಮ ಈಗ ಯಾವ ಮರದ ಕೆಳಗೆ ನಿಂತಿದ್ದಾನೆ?"