ಕಸಿದುಕೊಂಡ ಬೆತ್ತ

"ಗುರುಗಳೇ, ಬೆತ್ತದ ವರಸೆ ಕಲಿತ ಹೆಣ್ಣುಮಗಳು ಇನ್ನು ಯಾರಿಗೂ ಹೆದರಬೇಕಾಗಿಲ್ಲ, ಅಲ್ಲವೇ?"

ಹೀಗೆ ಕೇಳಿದ ಶಿಷ್ಯ ಮರುದಿನವೇ ಪಟ್ಟಣಕ್ಕೆ ಹೊರಡುವವನಿದ್ದ. ಅಲ್ಲಿನ ಶಾಲೆಯೊಂದರ ಹುಡುಗಿಯರಿಗೆ ಆತ್ಮರಕ್ಷಣೆಗೆಂದು ಫಿಲಿಪೀನ್ಸಿನ ಬೆತ್ತದ ವರಸೆ ಕಲಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಅವನಿಗೆ ಅದನ್ನು ಕಲಿಸಿದವರು ಈ ಗುರುಗಳೇ.

"ಉತ್ತರವನ್ನು ಜೇಬಲ್ಲಿಟ್ಟುಕೊಂಡೇ ಪ್ರಶ್ನೆ ಕೇಳಲು ಬಂದಿದ್ದೀಯ. ಇರಲಿ, ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಆ ದ್ವೀಪಗಳ ನಾಡಿನಲ್ಲಿ ಒಬ್ಬ ಮೀನುಗಾರನಿದ್ದ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು. ಅವನು ಹಿಡಿದು ತಂದ ಮೀನನ್ನು ಅವಳು ಪಕ್ಕದೂರಿನ ಸಂತೆಗೆ ಹೊತ್ತು ಮಾರಿ ಬರುತ್ತಿದ್ದಳು. ದಾರಿಯಲ್ಲಿ ಪುಂಡರ ಕಾಟವಿತ್ತು. ಅವಳು ಮನೆ ಸೇರುವವರೆಗೆ ತಂದೆಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಕೊನೆಗೆ ಅವಳನ್ನು ಬೆತ್ತದ ವರಸೆ ಬಲ್ಲ ಒಬ್ಬ ಮುದುಕನ ಬಳಿಗೆ ಕರೆದೊಯ್ದ. "ನನ್ನ ಮಗಳ ಮೈಮೇಲೆ ಯಾರ ಕೈಯೂ ಬೀಳಬಾರದು. ಅಷ್ಟು ಕಲಿಸಿಕೊಟ್ಟರೆ ಸಾಕು" ಎಂದ.

ಆ ವಿದ್ಯೆಯನ್ನು ಕಲಿಯುವುದು ಜೋಡಿಯಾಗಿ. ಅದು ನಿನಗೂ ಗೊತ್ತು. ಒಬ್ಬ ಬೆತ್ತ ಬೀಸುತ್ತಾನೆ. ಇನ್ನೊಬ್ಬ ತಡೆಯುತ್ತಾನೆ, ಮಣಿಕಟ್ಟು ತಿರುಚಿ ಬೆತ್ತವನ್ನು ಕಸಿದುಕೊಳ್ಳುತ್ತಾನೆ. ಕಸಿದುಕೊಂಡವನು ಅದನ್ನು ಕೂಡಲೇ ಹಿಂದಿರುಗಿಸಬೇಕು. ಕೊಡದಿದ್ದರೆ ಎದುರಿಗಿದ್ದವನು ಬರಿಗೈಲಿ ನಿಲ್ಲುತ್ತಾನೆ, ಅಭ್ಯಾಸ ಮುಂದೆ ಸಾಗುವುದಿಲ್ಲ. ಹಾಗಾಗಿ ಕಸಿಯುವುದು, ಕೊಡುವುದು, ಮತ್ತೆ ಕಸಿಯುವುದು. ಹುಡುಗಿ ಚೆನ್ನಾಗಿ ಕಲಿತಳು.

ಒಂದು ದಿನ ಸಂತೆಯ ದಾರಿಯಲ್ಲಿ ಪುಂಡನೊಬ್ಬ ದೊಣ್ಣೆ ಎತ್ತಿ ಅಡ್ಡ ನಿಂತ. ಅವಳು ಅದನ್ನು ಕಿತ್ತುಕೊಂಡು ಅವನ ಮಣಿಕಟ್ಟಿಗೇ ಬಾರಿಸಿದಳು. ಅವನು ಕಾಲಿಗೆ ಬುದ್ಧಿ ಹೇಳಿದ. ಆ ದೊಣ್ಣೆಯನ್ನು ಅವಳು ಯಾರಿಗೂ ಹಿಂದಿರುಗಿಸಲಿಲ್ಲ, ಇದು ನಿನ್ನ ನೆನಪಿನಲ್ಲಿರಲಿ. ಮನೆಗೆ ತಂದಳು. ಮೀನುಗಾರ ಅದನ್ನು ಬಾಗಿಲ ಪಕ್ಕದಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸಿದ. ಇನ್ನು ತಾನು ಸತ್ತರೂ ಚಿಂತೆಯಿಲ್ಲ ಎಂದುಕೊಂಡ.

ಅವಳನ್ನು ದೋಣಿ ಕಟ್ಟುವವನೊಬ್ಬನಿಗೆ ಮದುವೆ ಮಾಡಿಕೊಟ್ಟ. ಅಳಿಯ ಕೆಲಸದಲ್ಲಿ ಗಟ್ಟಿಗ. ಊರಲ್ಲಿ ಒಳ್ಳೆಯ ಹೆಸರಿತ್ತು. ಮನೆಯೊಳಗೆ ಮಾತ್ರ ಹೆಂಡತಿಯನ್ನು ಬೆತ್ತದಿಂದ ಹೊಡೆಯುತ್ತಿದ್ದ. ಅಕ್ಕಪಕ್ಕದವರಿಗೆ ಅದು ಕೇಳಿಸುತ್ತಿತ್ತು. ಕೇಳಿಸದವರಂತೆ ಇದ್ದುಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅವಳು ತವರಿಗೆ ಬಂದಳು. ತೋಳಿನ ತುಂಬ ಬಾಸುಂಡೆಗಳಿದ್ದವು. ಮೀನುಗಾರ ಆ ತೋಳನ್ನು ಹಿಡಿದು ನೋಡಿದ.

"ಕಲಿತದ್ದೆಲ್ಲ ಎಲ್ಲಿ ಹೋಯಿತು, ಮಗಳೇ?"

"ಎಲ್ಲೂ ಹೋಗಿಲ್ಲ ಅಪ್ಪಾ. ನಿನ್ನೆ ಅವರ ಕೈಯಿಂದ ಬೆತ್ತ ಕಿತ್ತುಕೊಂಡೆ."

"ಆಮೇಲೆ?"

"ಅವರು ಕೈ ಚಾಚಿದರು. ಕೊಟ್ಟುಬಿಟ್ಟೆ."

ಮೀನುಗಾರ ಹಣೆ ಚಚ್ಚಿಕೊಂಡ. ವರಸೆ ಕಲಿಸಿದ ಮುದುಕನನ್ನು ಬಾಯಿಗೆ ಬಂದಂತೆ ಬೈದ. ಹಿಂದಿರುಗಿಸುವ ಚಾಳಿ ಹತ್ತಿಸಿ ಮಗಳನ್ನು ಕೆಡಿಸಿದನೆಂದು ಅತ್ತ. ಮಗಳು "ನಾನು ಇನ್ನು ಇಲ್ಲೇ ಇರುತ್ತೇನೆ" ಎಂದಳು. ಅವನು ಆಗಲಿ ಎಂದು ತಲೆಯಾಡಿಸಿ ಅವಳಿಗೆ ಅನ್ನ ಬಡಿಸಿದ. ಎಷ್ಟೋ ದಿನಗಳ ಮೇಲೆ ಅವಳು ಹೊಟ್ಟೆ ತುಂಬ ಉಂಡು ಮಲಗಿದಳು.

ಸಂಜೆ ಅಳಿಯ ಬಂದು ಬಾಗಿಲಲ್ಲಿ ನಿಂತ. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. "ಕಳಿಸಿಕೊಡಿ ಮಾವ" ಎಂದು ಕೈ ಚಾಚಿದ. ಅಕ್ಕಪಕ್ಕದವರು ಹೊರಗೆ ಬಂದು ನೋಡುತ್ತಿದ್ದರು. ಮೀನುಗಾರ ಅವರನ್ನು ನೋಡಿದ, ಅಳಿಯನನ್ನು ನೋಡಿದ. ಒಳಗೆ ಹೋಗಿ ಮಗಳನ್ನು ಎಬ್ಬಿಸಿದ. "ಗಂಡನ ಮನೆ ಅಂದಮೇಲೆ ಸ್ವಲ್ಪ ಹೊಂದಿಕೊಂಡು ಹೋಗಬೇಕಮ್ಮಾ" ಎಂದ. ಅವಳ ಕೈ ಹಿಡಿದು ಕರೆತಂದು ಅಳಿಯನ ಕೈಗೆ ಕೊಟ್ಟ. ಹೊರಡುವಾಗ ಅವಳು ಬಾಗಿಲ ಪಕ್ಕದ ದೊಣ್ಣೆಯನ್ನು ಒಮ್ಮೆ ನೋಡಿದಳು. ಮುಟ್ಟಲಿಲ್ಲ.

ಆ ಹಂಗಾಮಿನ ಮೀನುಬೇಟೆ ಮುಗಿಯುವ ಮೊದಲೇ ಅವಳು ಸತ್ತ ಸುದ್ದಿ ತವರಿಗೆ ಬಂತು. ಗಂಡ ಹೊಡೆದೇ ಕೊಂದಿದ್ದ.

ಇಲ್ಲಿಗೆ ಗುರುಗಳು ಕತೆ ಮುಗಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಆದರೂ ಅವನಿಗೆ ಒಂದು ದಾರಿ ಹೊಳೆದಿತ್ತು.

"ಅರ್ಥವಾಯಿತು ಗುರುಗಳೇ. ನಾನು ಕಲಿಸುವಾಗ ಬೆತ್ತ ಹಿಂದಿರುಗಿಸುವ ಪದ್ಧತಿಯನ್ನೇ ತೆಗೆದುಹಾಕುತ್ತೇನೆ."

ಗುರುಗಳು ಹೇಳಿದರು: "ತೆಗೆದುಹಾಕು, ಆದರೆ ಜನ್ಮದಲ್ಲಿ ಒಮ್ಮೆಯೂ ಬೆತ್ತ ಹಿಡಿಯದ ಆ ಅಪ್ಪ, ಹಿಂದಿರುಗಿಸುವುದನ್ನು ಯಾವ ಗುರುವಿನಿಂದ ಕಲಿತಿದ್ದ?"