ಮುರಿಗೆಪ್ಪ ಹುಲ್ಲಿಗೆ ಬಡಿಸಿದ ಊಟ

ದಾವಣಗೆರೆಯಲ್ಲಿ ಮುರಿಗೆಪ್ಪ ಎಂಬ ಬಡಿಸುವವನಿದ್ದ. ಮದುವೆಯಿರಲಿ, ಗೃಹಪ್ರವೇಶವಿರಲಿ, ಪಂಕ್ತಿಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಬರುವವನು ಅವನೇ. ಅವನ ಕಣ್ಣು ತಪ್ಪಿಸಿ ಎರಡೇ ಹೋಳಿಗೆಗೆ ಎದ್ದುಹೋದವರು ಆ ಊರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. "ಸಾಕು" ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಇಳಿಸುತ್ತಿದ್ದ. ಎಲೆಯ ಮೇಲೆ ಬಗ್ಗಿ ಕೂತವರಿಗೆ "ಆ ಕಡೆ ಯಾರೋ ಕರೀತಾರೆ ನೋಡ್ರಿ" ಎಂದು ಹೇಳಿ, ಅವರು ತಲೆ ತಿರುಗಿಸುವುದರೊಳಗೆ ಒಂದು ಹಾಕಿ ಮುಂದೆ ಹೋಗಿರುತ್ತಿದ್ದ. ಜನ ಬೈಯುತ್ತಾ ತಿನ್ನುತ್ತಿದ್ದರು, ತಿನ್ನುತ್ತಾ ನಗುತ್ತಿದ್ದರು. ಉಪಚಾರ ಅಂದರೆ ಮುರಿಗೆಪ್ಪನದು ಎಂದು ಹತ್ತು ಜನ ಹೊಗಳಿ ಹೊಗಳಿ, ಅವನ ತಲೆಯಲ್ಲಿ ಒಂದು ತೀರ್ಮಾನ ಗಟ್ಟಿಯಾಗಿ ಕೂತುಬಿಟ್ಟಿತ್ತು: ಬೇಡ ಅನ್ನುವವರೆಲ್ಲ ಬೇಕು ಅನ್ನುವುದಕ್ಕೆ ನಾಚಿಕೊಂಡವರು.

ಅವನಿಗೆ ಒಬ್ಬಳೇ ಮಗಳು, ಇಂದುಮತಿ. ತಾಯಿ ಇಲ್ಲದೆ ಬೆಳೆದವಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಕಲ್ಯಾಣಮಂಟಪಕ್ಕೆ ಹೋದರೆ ಅಲ್ಲಿನ ಹಸಿರು ಲಾನಿನ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ವಾಚ್‌ಮನ್ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ. ಅದು ಮುರಿಗೆಪ್ಪನ ಮನಸ್ಸಿನಲ್ಲಿ ಉಳಿದಿತ್ತು. ಸ್ವಂತ ಮನೆ ಕಟ್ಟಿಸಿದಾಗ ಮುಂಬಾಗಿಲ ಎದುರು ಎರಡು ಜಮಖಾನ ಹಾಸುವಷ್ಟು ಜಾಗ ಬಿಟ್ಟು, ನರ್ಸರಿಯ ಹನುಮಕ್ಕನನ್ನು ಕರೆಸಿ ಹುಲ್ಲು ನೆಡಿಸಿದ್ದ.

ಈಗ ಇಂದುಮತಿ ಮೂರು ತಿಂಗಳ ಬಸುರಿ. ಏನು ತಿಂದರೂ ವಾಂತಿ. ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಗಂಡನ ಮನೆಯವರು ರಾಣೆಬೆನ್ನೂರಿನಿಂದ ತವರಿಗೆ ಕಳಿಸಿದ್ದರು. "ತೂಕ ಇಳೀತಾ ಇದೆ. ಯಾವುದು ಹೊಟ್ಟೇಲಿ ನಿಲ್ಲುತ್ತೋ ಅದನ್ನೇ ಸ್ವಲ್ಪಸ್ವಲ್ಪ ತಗೊಳ್ಳಮ್ಮ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ" ಎಂದರು ಡಾಕ್ಟರು. ಮುರಿಗೆಪ್ಪನಿಗೆ ಕೇಳಿಸಿದ್ದು ಮೊದಲನೆಯ ಮಾತು ಮಾತ್ರ. ತೂಕ ಇಳಿಯುವುದೇ? ಮುರಿಗೆಪ್ಪನ ಮನೆಯಲ್ಲಿ? ಅಂದಿನಿಂದ ಬೆಳಗ್ಗೆ ತುಪ್ಪದ ಶಾವಿಗೆ, ಮಧ್ಯಾಹ್ನ ಹೋಳಿಗೆ, ಸಂಜೆ ಗಸಗಸೆ ಪಾಯಸ.

ಪಾಪ, ಅವನ ಭಯವೂ ಸಣ್ಣದಲ್ಲ. "ತಾಯಿ ಇದ್ದಿದ್ದರೆ ಹುಡುಗಿ ಹೀಗೆ ಸೊರಗುತ್ತಿರಲಿಲ್ಲ" ಎಂದು ಯಾರಾದರೂ ಅಂದಾರು ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಅದು ನಿಜವಿರಬಹುದು ಎಂಬ ಹೆದರಿಕೆ. ತಾಯಿಯಾಗುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಬಡಿಸುವುದೊಂದು ಗೊತ್ತಿತ್ತು, ಅದನ್ನೇ ಮಾಡುತ್ತಿದ್ದ.

ಇಂದುಮತಿಗೆ ನೆಮ್ಮದಿ ಸಿಗುತ್ತಿದ್ದದ್ದು ಒಂದೇ ಹೊತ್ತಿನಲ್ಲಿ. ಬೆಳಗ್ಗೆ ಎದ್ದವಳೇ ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ನಾಲ್ಕು ಸುತ್ತು ಹಾಕಿ ಕೂರುತ್ತಿದ್ದಳು. ಅಲ್ಲಿ ಅಡುಗೆಯ ವಾಸನೆ ಬರುತ್ತಿರಲಿಲ್ಲ.

ಏಪ್ರಿಲ್ ಬಂತು. ದಾವಣಗೆರೆಯ ಬಿಸಿಲನ್ನು ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಹುಲ್ಲು ಹಳದಿಯಾಯಿತು. ಮಗಳ ಕಾಲ ಕೆಳಗಿನ ಹಸಿರೂ ಹೋಯಿತೇ ಎಂದು ಮುರಿಗೆಪ್ಪ ಗಾಬರಿಬಿದ್ದು ಹನುಮಕ್ಕನಿಗೆ ಫೋನು ಮಾಡಿದ.

"ಏನೂ ಆಗಿಲ್ಲ ಯಜಮಾನ್ರೆ, ಬಿಸಿಲಿಗೆ ಸುಸ್ತಾಗೈತೆ ಅಷ್ಟೇ" ಎಂದಳು ಹನುಮಕ್ಕ. "ಬೆಳಗ್ಗೆ ಹೊತ್ತು ನೀರು ಬಿಡ್ರಿ. ಜಾಸ್ತಿ ಕತ್ತರಿಸಬ್ಯಾಡ್ರಿ. ಗೊಬ್ಬರ ಮಾತ್ರ ಈಗ ಬ್ಯಾಡವೇ ಬ್ಯಾಡ. ಮಳೆ ಬರ್ಲಿ, ನಾನೇ ಬಂದು ಹಾಕ್ತೀನಿ."

ಮುರಿಗೆಪ್ಪ "ಆತು" ಅಂದ. ಆದರೆ ಬೇಡ ಎಂಬ ಮಾತನ್ನು ಅವನು ಯಾವತ್ತು ನಂಬಿದ್ದ?

ಮರುದಿನ ಯೂರಿಯಾ ತಂದ. ಒಂದು ಮದುವೆ ಊಟ ಮುಗಿಸಿ ಬಂದವನು, ಉರಿಯುವ ಮಧ್ಯಾಹ್ನದಲ್ಲಿ ಸ್ಟೀಲ್ ಬಕೆಟ್ಟಿಗೆ ಗೊಬ್ಬರ ಸುರಿದುಕೊಂಡು, ಹೆಗಲ ಮೇಲಿನ ಟವೆಲ್ಲನ್ನೂ ತೆಗೆಯದೆ, ಹುಲ್ಲಿಗೆ ಪಂಕ್ತಿಯಲ್ಲಿ ಬಡಿಸುತ್ತಾ ಹೋದ. ಹಳದಿ ಹೆಚ್ಚಾಗಿ ಕಂಡಲ್ಲಿ ನಿಂತು, "ನಾಚ್ಕೋಬ್ಯಾಡ, ತಗೋ" ಎಂದು ಮತ್ತೊಂದು ಹಿಡಿ ಹಾಕಿದ. ಮೇಲೊಂದು ತಂಬಿಗೆ ನೀರು ಚಿಮುಕಿಸಿ, ಕೈ ತೊಳೆದುಕೊಂಡು ಒಳಗೆ ಹೋದ. ಎರಡು ದಿನ ಕಳೆದರೂ ಹಸಿರಾಗದ್ದು ನೋಡಿ ಇನ್ನೊಂದು ಸುತ್ತು ಬಡಿಸಿದ.

ಅದೇ ಮಧ್ಯಾಹ್ನ ಮಗಳ ತಟ್ಟೆಗೂ ಇನ್ನೊಂದು ಹೋಳಿಗೆ ಬಿತ್ತು. "ಬ್ಯಾಡ ಅಪ್ಪಾಜಿ" ಅಂದಳು. "ನಿಮ್ಮವ್ವ ಇದ್ದು ಬಡಿಸಿದ್ರೆ ತಿಂತಿದ್ದಿಲ್ವೇನವ್ವ?" ಅಂದ. ಅವಳು ಕಣ್ಣು ಮುಚ್ಚಿ ತಿಂದಳು. ತಿಂದದ್ದಷ್ಟೂ ಹೊರಗೆ ಬಂತು. ಹಿಂದಿನ ದಿನ ತಿಂದದ್ದೂ ಉಳಿಯಲಿಲ್ಲವೇನೋ ಅನ್ನುವ ಹಾಗೆ ಬಚ್ಚಲಲ್ಲಿ ಕುಸಿದು ಕೂತಳು. ಡಾಕ್ಟರು ಡ್ರಿಪ್ ಹಾಕಿ, ಸಂಜೆ ಮನೆಗೆ ಕಳಿಸಿದರು. ಮನೆಗೆ ಬಂದವಳೇ ಗಂಡನಿಗೆ ಫೋನು ಮಾಡಿದಳು. ಆಮೇಲೆ ಅಪ್ಪನ ಎದುರು ಬಂದು ನಿಂತಳು.

"ಅಪ್ಪಾಜಿ, ನಾನು ನಾಳಿದ್ದು ರಾಣೆಬೆನ್ನೂರಿಗೆ ಹೋಗ್ತೀನಿ. ಅವರು ಕಾರು ತಗೊಂಡು ಬರ್ತಾರೆ."

ಮುರಿಗೆಪ್ಪನ ಎದೆ ಒಡೆಯಿತು. "ನಾನು ಏನು ಕಮ್ಮಿ ಮಾಡಿದೆ ಅವ್ವಾ?"

"ಏನೂ ಕಮ್ಮಿ ಮಾಡಿಲ್ಲ. ನಂಗೇ ತಡಕಳಕ್ಕೆ ಆಗ್ತಿಲ್ಲ" ಎಂದು ಅವಳು ಅಳುತ್ತಾ ಕೋಣೆಗೆ ಹೋದಳು.

ಹೊರಡುವ ದಿನ ಬೆಳಗ್ಗೆ, ನರ್ಸರಿಗೆ ಹೋಗುವ ದಾರಿಯಲ್ಲಿ ಹನುಮಕ್ಕ ಬಂದಳು. ಗೇಟು ತೆರೆದವಳು ಅಲ್ಲೇ ನಿಂತಳು. ಹುಲ್ಲು ಹಳದಿಯಾಗಿರಲಿಲ್ಲ, ಕಂದುಬಣ್ಣಕ್ಕೆ ತಿರುಗಿ ಸುಟ್ಟುಹೋಗಿತ್ತು. ಎರಡೆರಡು ಹಿಡಿ ಬಿದ್ದ ಕಡೆ ಮಣ್ಣೇ ಕಾಣುತ್ತಿತ್ತು. ಅವಳು ಕುಕ್ಕುರುಗಾಲಲ್ಲಿ ಕೂತು ಒಂದು ಎಳೆ ಕಿತ್ತಳು. ಬೇರುಸಹಿತ ಬಂತು.

"ಏನು ಹಾಕಿದ್ರಿ?"

"ಯೂರಿಯಾ. ಎರಡು ಸಲ" ಎಂದ ಮುರಿಗೆಪ್ಪ, ತಪ್ಪು ಮಾಡಿದ ಹುಡುಗನಂತೆ. "ಸೊರಗಿತ್ತಲ್ಲವ್ವ. ಶಕ್ತಿ ಬರ್ಲಿ ಅಂತ ಹಾಕಿದೆ."

ಹನುಮಕ್ಕ ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ ದನಿ ಇಳಿಸಿದಳು. "ಯಜಮಾನ್ರೆ, ಬಿಸಿಲಾಗೆ ಬೇರು ನೀರಿಗೆ ಒದ್ದಾಡ್ತಿರ್ತೈತೆ. ಆವಾಗ ಗೊಬ್ಬರ ಬಿದ್ರೆ ಅದು ಬೇರಿನಾಗಿರೋ ನೀರನ್ನೂ ಎಳಕಂತೈತೆ. ನೀವು ಅಕ್ಕರೆಯಿಂದ್ಲೇ ಹಾಕೀರಿ, ನಂಗೊತ್ತು. ಆದ್ರೆ ಅದಕ್ಕೆ ಏನು ಬೇಕು ಅಂತ ಕೇಳಿದ್ರಾ?"

"ಹುಲ್ಲನ್ನ ಹೆಂಗವ್ವ ಕೇಳೋದು?"

ಹನುಮಕ್ಕ ಅವನ ಕೈ ಹಿಡಿದು ತೋರುಬೆರಳನ್ನು ಮಣ್ಣಿಗೆ ಒತ್ತಿದಳು. "ಹಿಂಗೆ. ಒಣಗಿದ್ರೆ ನೀರು ಕೊಡೋದು. ತ್ಯಾವ ಇದ್ರೆ ಸುಮ್ನೆ ಕುಂದ್ರೋದು. ಬ್ಯಾಸಿಗೇಲಿ ಇದಕ್ಕಿಂತ ಜಾಸ್ತಿ ಏನೂ ಮಾಡೋ ಹಂಗಿಲ್ಲ. ಬೆಳೆಯೋ ಕಾಲದಾಗೆ ತಾನೇ ಉಣ್ಣುತೈತೆ."

ಗೊಬ್ಬರ ಆಳಕ್ಕೆ ಇಳಿದುಹೋಗಲಿ ಎಂದು ಅವಳು ಪೈಪು ಹಿಡಿದು ಧಾರಾಳವಾಗಿ ನೀರು ಬಿಟ್ಟಳು. ಮುರಿಗೆಪ್ಪ ಮಣ್ಣಿನಲ್ಲಿ ಬೆರಳಿಟ್ಟುಕೊಂಡೇ ಕೂತಿದ್ದ. ಜೀವಮಾನವಿಡೀ ಸಾವಿರಾರು ಎಲೆಗೆ ಬಡಿಸಿದವನಿಗೆ, ಹೆತ್ತ ಮಗಳನ್ನು ಒಂದು ಮಾತು ಕೇಳಿಲ್ಲವಲ್ಲ ಎಂದು ಹೊಳೆದು ಕಣ್ಣಲ್ಲಿ ನೀರು ತುಂಬಿತು. ಎದ್ದು ಒಳಗೆ ಹೋದ.

ಇಂದುಮತಿ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು. ಅಪ್ಪ ಬಂದದ್ದು ನೋಡಿ, ಕೈಯಲ್ಲಿ ತಟ್ಟೆ ಇದೆಯೇನೋ ಎಂದು ಹೆದರಿದಳು. ತಟ್ಟೆ ಇರಲಿಲ್ಲ.

"ಇಂದೂ, ನಿಂಗೇನು ಬೇಕವ್ವ?"

ಅವಳು ಅಪ್ಪನ ಮುಖವನ್ನೇ ನೋಡಿದಳು. ನಂತರ ಮೆಲ್ಲಗೆ ಹೇಳಿದಳು, "ಅರ್ಧ ಲೋಟ ಮಜ್ಜಿಗೆ. ಅರ್ಧಾನೇ ಅಪ್ಪಾಜಿ. ಆಮೇಲೆ ನೀವು ಏನೂ ಮಾತಾಡದೆ ನನ್ನ ಹತ್ರ ಕುಂದ್ರಿ."

ಅಡುಗೆಮನೆಯಲ್ಲಿ ಮುರಿಗೆಪ್ಪನ ಕೈಗೆ ದೊಡ್ಡ ಪರೀಕ್ಷೆ ಎದುರಾಯಿತು. ಲೋಟ ಅರ್ಧಕ್ಕೆ ಬಂದಾಗ ನಿಲ್ಲಿಸುವುದು ಆ ಕೈಗೆ ಅಭ್ಯಾಸವೇ ಇಲ್ಲ. ಸ್ವಲ್ಪ ಬೆಣ್ಣೆ ತೇಲಿಸಲೇ ಎಂದು ಮನಸ್ಸು ಪೀಡಿಸಿತು. ಹಲ್ಲು ಕಚ್ಚಿಕೊಂಡು ಅರ್ಧ ಲೋಟವನ್ನೇ ತಂದ. ಅವಳು ಗುಟುಕು ಗುಟುಕಾಗಿ ಕುಡಿದಳು. ಅವನು ಪಕ್ಕದಲ್ಲಿ ಕೂತ. "ಇನ್ನೊಂಚೂರು" ಎಂಬ ಮಾತು ನಾಲ್ಕು ಸಲ ನಾಲಿಗೆಯ ತುದಿಗೆ ಬಂತು, ನಾಲ್ಕು ಸಲವೂ ನುಂಗಿಕೊಂಡ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಮಜ್ಜಿಗೆ ಹೊಟ್ಟೆಯಲ್ಲೇ ನಿಂತಿತು. ಇಂದುಮತಿ ಅಪ್ಪನ ಭುಜಕ್ಕೆ ಒರಗಿ ನಿದ್ದೆಹೋದಳು. ಅವಳ ತಲೆ ಜಾರದಂತೆ ಅವನು ಅಲುಗಾಡದೆ ಕೂತ. ಹೊರಗೆ ಕಾರಿನ ಸದ್ದಾಯಿತು. ಅಳಿಯ ಒಳಗೆ ಬಂದು, ನೋಡಿ, ಸದ್ದು ಮಾಡದೆ ಕುರ್ಚಿಯಲ್ಲಿ ಕೂತ.

ಎಚ್ಚರವಾದಾಗ ಇಂದುಮತಿ ಗಂಡನನ್ನು ನೋಡಿದಳು, ಬ್ಯಾಗನ್ನು ನೋಡಿದಳು. ಆಮೇಲೆ ಖಾಲಿ ಲೋಟವನ್ನು ಅಪ್ಪನ ಮುಂದೆ ಹಿಡಿದಳು.

"ಅಪ್ಪಾಜಿ, ಇನ್ನರ್ಧ ಲೋಟ ಹಾಕ್ತೀರಾ?"

ನೀತಿ: ಪ್ರೀತಿ ಇದ್ದರೆ ಸಾಲದು, ಕೇಳುವ ತಾಳ್ಮೆಯೂ ಬೇಕು. ಬಳಲಿದ ಜೀವಕ್ಕೆ ನಮ್ಮಲ್ಲಿ ಇರುವುದನ್ನೆಲ್ಲ ಸುರಿಯುವ ಮೊದಲು, ಅದಕ್ಕೆ ಬೇಕಾದದ್ದು ಏನು, ಎಷ್ಟು ಎಂದು ತಿಳಿದುಕೊಳ್ಳಬೇಕು. ಕೆಲವೊಮ್ಮೆ ಒಂದಿಷ್ಟು ನೀರು ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರುವುದೇ ದೊಡ್ಡ ಉಪಚಾರ.