ಅರಸನ ಕಾರು ಕುಡಿದ ನೀರು

"ಕೇಳಿರಪ್ಪೋ ಕೇಳಿ! ಮಹಾರಾಜರ ಹಳೆಯ ರೇಸ್ ಕಾರಿನ ನೀರು ಮಾಯವಾಗುತ್ತಿದೆ. ಅವರ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರಿಗೆ ಹುಣ್ಣಿಮೆಯಂದು ತಲೆದಂಡ!"

ಡಂಗುರ ಹೊಡೆದು ಹೊಡೆದು ಚರ್ಮವೇ ಹರಿಯಿತು, ಕಾರು ಮಾತ್ರ ರಿಪೇರಿಯಾಗಲಿಲ್ಲ. ಅಪ್ಪನ ಕಾಲದ ಆ ಕಾರು ಪ್ರತಿ ಪಂದ್ಯದಲ್ಲೂ ಅರ್ಧ ದಾರಿಗೇ ಇಂಜಿನ್ ಕಾದು ನಿಂತು, ಅರಸ ವೀರಕೇಸರಿಗೆ ರೇಗಿ ರೇಗಿ ಸಾಕಾಗಿತ್ತು. ಅರಮನೆಯ ಮೆಕ್ಯಾನಿಕ್ ಮಾರಣ್ಣ ಪೈಪು ಸೋರುತ್ತಿದೆ ಎಂದ. ಪೈಪು ಬದಲಾಯಿತು, ನೀರು ಮತ್ತೆ ಮಾಯ. ಮಾರಣ್ಣ ಸೆರೆಮನೆಗೆ. ಪಕ್ಕದ ನಾಡಿನ ರಾಜಕುಮಾರ ರೇಡಿಯೇಟರ್ ತೂತು ಎಂದ. ಹೊಸತು ಬಂತು, ನೀರು ಮತ್ತೆ ಮಾಯ. ಅವನೂ ಸೆರೆಮನೆಗೆ. ಕತೆ ಹೇಳುವ ನನಗೇ ತಲೆ ಚಿಟ್ಟು ಹಿಡಿಯುತ್ತದೆ!

ಹುಣ್ಣಿಮೆಯ ಹಿಂದಿನ ದಿನ ಮಾರಣ್ಣನ ತಮ್ಮ ಕೆಂಚಪ್ಪ ಬಂದ. ಸಂತೆಬೀದಿಯಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುವವನು. ಅಣ್ಣನ ಜೀವ ಉಳಿದರೆ ಸಾಕು ಎಂಬುದೊಂದೇ ಅವನ ಆಸೆ.

"ನೆಲಕ್ಕೆ ಒಂದು ಹನಿ ಬೀಳುವುದಿಲ್ಲ, ಆದರೂ ನೀರು ಖಾಲಿ. ಎಲ್ಲಿಗೆ ಹೋಯಿತು?" ಎಂದ ಅರಸ.

ಕೆಂಚಪ್ಪ ಕಾರು ಚಾಲೂ ಮಾಡಿಸಿ, ಸೈಲೆನ್ಸರ್ ಹಿಂದೆ ಅಂಗೈ ಹಿಡಿದ. ಕೈಯೆಲ್ಲ ಒದ್ದೆ. "ಇಲ್ಲಿಗೆ ಬುದ್ಧಿ. ಇಂಜಿನ್ ಒಳಗೇ ಸೋರಿ, ಹಬೆಯಾಗಿ ಹೋಗ್ತಾ ಐತೆ."

"ಇಂಜಿನ್ ಇನ್ನೂ ಬಿಸಿಯಾಗಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದೆ. ಕುದಿಯದ ನೀರಿನಲ್ಲಿ ಗುಳ್ಳೆ ಎಬ್ಬಿಸುವವರು ಯಾರು?" ಇದು ಅರಸನ ಎರಡನೆಯ ಒಗಟು.

"ಟ್ಯೂಬು ಅದ್ದಿದಾಗ ಗುಳ್ಳೆ ಬಂದ ಕಡೆ ತೂತು ಇರ್ತದೆ ಬುದ್ಧಿ. ಇಂಜಿನ್ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಗೈತೆ. ಅದೇ ಸಂದಿಯಿಂದ ಹೊಗೆ ಈ ಕಡೆ, ನೀರು ಆ ಕಡೆ."

ಹೆಡ್ಡು ಬಿಚ್ಚಿ ಮಟ್ಟವಾದ ಗಾಜಿನ ಮೇಲಿಟ್ಟರೆ ಕುಂಟು ಮಣೆಯ ಹಾಗೆ ಅಲುಗಾಡಿತು. ಅರಸ ಕೆಂಡವಾದ. "ಇದನ್ನು ಸೊಟ್ಟ ಮಾಡಿದವನು ಯಾರು? ಇದೇ ಮೂರನೆಯ ಒಗಟು. ಅವನ ತಲೆ ತೆಗೆಸುತ್ತೇನೆ!"

ಕೆಂಚಪ್ಪ ಹೆಡ್ಡಿನ ಮೇಲೆ ಕೈಯಾಡಿಸಿದ. "ಮೊದಲ ಸಲ ಕಾರು ಕಾದಾಗ ಏನ್ ಮಾಡಿದ್ರಿ ಬುದ್ಧಿ?"

"ಫ್ಯಾನಿನ ಬೆಲ್ಟು ಹರಿದಿತ್ತು. ಬೇರೆ ಹಾಕಿಸಿ, ಒಂದು ಕೊಡ ತಣ್ಣೀರು ಸುರಿದು ಓಡಿಸಿದೆ. ಪಂದ್ಯದ ನಡುವೆ ಆರಲಿ ಎಂದು ಕೂರಲೇನು?"

"ಹಂಗಾದ್ರೆ... ನೀವೇ ಬುದ್ಧಿ. ಕಾದ ಹೆಡ್ಡಿಗೆ ತಣ್ಣೀರು ಬಿದ್ರೆ ಸೊಟ್ಟಗಾಗ್ದೆ ಇನ್ನೇನಾಯ್ತದೆ?"

ಅರಸ ಕತ್ತಿ ಹಿರಿದ. ಕೆಂಚಪ್ಪ ಅಂದ: "ಹೆಡ್ಡು ಸೊಟ್ಟಗಾದ್ರೆ ಲೇತಿಗೆ ಕೊಟ್ಟು ಮಟ್ಟ ಮಾಡಿಸ್ಬೋದು. ನಮ್ಮಣ್ಣನ ತಲೆ ಹೋದ್ರೆ ಯಾವ ಲೇತಿಗೆ ಕೊಡ್ಲಿ ಬುದ್ಧಿ?"

ಕತ್ತಿ ಒರೆಗೆ ಮರಳಿತು. ಸೆರೆಮನೆಯ ಬಾಗಿಲು ಅಂದೇ ಇಬ್ಬರಿಗೂ ತೆರೆಯಿತು. ಅಣ್ಣತಮ್ಮ ಸೇರಿ ಹೆಡ್ಡು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿದರು. ನೀರು ಇದ್ದಲ್ಲೇ ಇತ್ತು. ಅರಸ ಕಾರಿನ ಉಸ್ತುವಾರಿಯನ್ನೇ ಕೆಂಚಪ್ಪನಿಗೆ ಕೊಟ್ಟ.

ಮುಂದೆ ಯಾವಾಗ ಕಾರು ಕಾದು ನಿಂತರೂ ಕೆಂಚಪ್ಪ ಕೂಡಲೇ ಬೋನೆಟ್ ಮುಟ್ಟುತ್ತಿರಲಿಲ್ಲ. ಮೊದಲು ಅರಸನನ್ನು ನೆರಳಲ್ಲಿ ಕೂರಿಸಿ, ಒಂದು ಚೊಂಬು ಮಜ್ಜಿಗೆ ಕೊಡುತ್ತಿದ್ದ. ಅರಸ ತಣ್ಣಗಾಗುವ ಹೊತ್ತಿಗೆ ಇಂಜಿನ್ನೂ ತಣ್ಣಗಾಗಿರುತ್ತಿತ್ತು.